ಗ್ಯಾಸ್ ಕಿಟ್ ಗಾಡಿಯಲ್ಲಿ, ಪೆಟ್ರೋಲ್ ಆರ್‌ಸಿಯಲ್ಲಿ

ಸಂಪಾದಕರೇ,

ನಮ್ಮದು ಪಾತ್ರೆ ಬಾಡಿಗೆ ಅಂಗಡಿ. ಓಡಾಟಕ್ಕೆ ಒಂದು ಹಳೇ ಓಮ್ನಿ. ಪೆಟ್ರೋಲ್ ಹಾಕಿ ಸಾಕಾಗಿ ಕೆಲವು ವರ್ಷದ ಹಿಂದೆ ಎಲ್‌ಪಿಜಿ ಕಿಟ್ ಹಾಕಿಸಿದೆ. ಅದರ ಬಗ್ಗೆ ದೂರಿಲ್ಲ. ಲೀಟರಿಗೆ ಮೈಲೇಜ್ ಸ್ವಲ್ಪ ಇಳಿಯುತ್ತೆ, ಆದರೆ ಗ್ಯಾಸ್ ದರ ಕಡಿಮೆ ಇರೋದರಿಂದ ಕೈಯಲ್ಲಿ ದುಡ್ಡು ಉಳಿಯುತ್ತೆ. ಬೆಳಿಗ್ಗೆ ಪೆಟ್ರೋಲಿನಲ್ಲೇ ಸ್ಟಾರ್ಟ್ ಮಾಡಬೇಕು, ರೇಡಿಯೇಟರ್ ನೀರು ಬಿಸಿಯಾದರೆ ತಾನೇ ಗ್ಯಾಸ್ ಸರಿಯಾಗಿ ಆವಿಯಾಗೋದು. ಆಮೇಲೆ ಸ್ವಿಚ್ ಒತ್ತಿದರೆ ಹಿಂದಿನಿಂದ ಟಕ್ ಅಂತ ಒಂದು ಸದ್ದು, ಅಷ್ಟೇ.

ತೊಂದರೆ ಶುರುವಾಗಿದ್ದು ಕಾಗದದಲ್ಲಿ. "ಆರ್‌ಸಿ ಕೆಲಸ ನಾವೇ ಮಾಡಿಸ್ತೀವಿ ಸಾರ್" ಅಂತ ಗ್ಯಾರೇಜಿನವರು ದುಡ್ಡು ತಗೊಂಡರು. ನಾನೂ ಸುಮ್ನೆ ನಂಬಿದೆ, ತಪ್ಪು ನನ್ನದೂ ಇದೆ. 15 ವರ್ಷ ತುಂಬಿ ಆರ್‌ಸಿ ನವೀಕರಣಕ್ಕೆ ಹೋದಾಗ ಇನ್‌ಸ್ಪೆಕ್ಟರ್ ಹಿಂದಿನ ಬಾಗಿಲು ಎತ್ತಿ ಟ್ಯಾಂಕ್ ನೋಡಿ, ಕೈಲಿದ್ದ ಕಾರ್ಡ್ ನೋಡಿ, ಆಮೇಲೆ ನನ್ನ ಮುಖ ನೋಡಿದರು. ಆರ್‌ಸಿ ಕಾರ್ಡಿನಲ್ಲಿ ಬರೀ ಪೆಟ್ರೋಲ್ ಅಂತ ಇತ್ತು! ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಬದಲಾವಣೆ ಮಾಡಿಸಿದ 14 ದಿನದೊಳಗೆ ಮಾಲೀಕನೇ ಆರ್‌ಟಿಓಗೆ ತಿಳಿಸಬೇಕಂತೆ. ಅಷ್ಟು ವರ್ಷ ಇನ್ಶೂರೆನ್ಸ್ ಕಂಪನಿಗೂ ನಾನು ಗ್ಯಾಸ್ ವಿಷಯ ಹೇಳಿರಲಿಲ್ಲ. ಗಾಡಿಗೆ ಏನಾದರೂ ಆಗಿದ್ದರೆ ಯಾರು ದುಡ್ಡು ಕೊಡ್ತಿದ್ದರು? ಟ್ಯಾಂಕನ್ನು 5 ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕು ಅನ್ನೋದೂ ಆವತ್ತೇ ಗೊತ್ತಾಗಿದ್ದು.

ನಾನಾದರೂ ಸರಿಯಾದ ಟ್ಯಾಂಕ್ ಹಾಕಿಸಿದ್ದೆ. ಕೆಲವರು ಅಡುಗೆ ಮನೆಯ 14.2 ಕೆಜಿ ಸಿಲಿಂಡರನ್ನೇ ಸೀಟಿನ ಹಿಂದೆ ಮಲಗಿಸಿ ಪೈಪ್ ಎಳೀತಾರೆ. ಅದು ನಿಲ್ಲಿಸಿ ಮೇಲಿಂದ ಆವಿ ತಗೊಳ್ಳೋಕೆ ಮಾಡಿದ ಸಿಲಿಂಡರ್. ವಾಹನದ ಟ್ಯಾಂಕಿನಲ್ಲಿ ಶೇ 80 ತುಂಬಿದ ಕೂಡಲೇ ಮುಚ್ಚಿಕೊಳ್ಳುವ ವಾಲ್ವ್ ಇರುತ್ತೆ, ಇದರಲ್ಲಿ ಎಲ್ಲಿಂದ ಬರಬೇಕು? ಇನ್ನು ಸಂಜೆ ಹೊತ್ತು ಅರ್ಧ ಶಟರ್ ಎಳೆದು, ಸಿಲಿಂಡರ್ ತಲೆಕೆಳಗೆ ಮಾಡಿ ಪಂಪಿನಲ್ಲಿ ಆಟೋಗಳಿಗೆ ತುಂಬಿಸೋದನ್ನು ನಮ್ಮ ಬಡಾವಣೆಯಲ್ಲೇ ಕಣ್ಣಾರೆ ನೋಡಿದ್ದೀನಿ. ಈ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಮೇಲೆ ಹಾರಿ ಹೋಗಲ್ಲ, ನೆಲದ ಮೇಲೆ ಹರಿದು ಚರಂಡಿಗೆ ಇಳಿಯುತ್ತೆ. ಪಕ್ಕದಲ್ಲೇ ಬೋಂಡ ಗಾಡಿ ಬೇರೆ. ಆಟೋದವರನ್ನೂ ಪೂರ್ತಿ ಬೈಯೋಕಾಗಲ್ಲ, ಹತ್ತಿರದ ಗ್ಯಾಸ್ ಬಂಕಿನಲ್ಲಿ ಸ್ಟಾಕ್ ಇಲ್ಲ ಅನ್ನೋ ಬೋರ್ಡೇ ಜಾಸ್ತಿ ದಿನ ನೇತಾಡುತ್ತೆ.

ಕಿಟ್ ಹಾಕಿದ ಗ್ಯಾರೇಜೇ ಆವತ್ತೇ ಆನ್‌ಲೈನಿನಲ್ಲಿ ಆರ್‌ಟಿಓಗೆ ಮಾಹಿತಿ ಕಳಿಸಲೇಬೇಕು ಅಂತ ಸಾರಿಗೆ ಇಲಾಖೆ ಮಾಡೋದು ಕಷ್ಟನಾ? ಶೋರೂಮಿನವರು ಹೊಸ ಗಾಡಿ ನೋಂದಣಿ ಕೆಲಸ ಮಾಡ್ತಾರಲ್ಲ, ಹಾಗೇ.

ಓಡಾಡಿ ಓಡಾಡಿ ನನ್ನ ಆರ್‌ಸಿಯಲ್ಲಿ ಕಡೆಗೂ ಎಲ್‌ಪಿಜಿ ಅಂತ ಸೇರಿದೆ. ಆ ಗ್ಯಾರೇಜಿನ ಬೋರ್ಡಿನಲ್ಲಿ ಮಾತ್ರ "ಆರ್‌ಸಿ ಸಮೇತ" ಅಂತ ಇನ್ನೂ ಹಾಗೇ ಇದೆ.

– ಓಮ್ನಿ ಮಾಲೀಕ, ತುಮಕೂರು