ಚುಕ್ಕಿ ಕಾಣುವ ಚಪ್ಪರದಿಂದ, ಗೆಳೆಯನಿಗೊಂದು ಪತ್ರ

ಪಿಟ್ಸ್‌ಬರ್ಗ್
19 ಅಕ್ಟೋಬರ್ 2025

ಪ್ರೀತಿಯ ಮಂಜು,

ನಿನ್ನ ಕಾಗದ ಬಂದು ಮೂರು ವಾರ ಆಯ್ತು. ಬೀದಿ ನಾಟಕದ ತಂಡ ಇನ್ನು ಸಾಕು ಅನ್ನಿಸ್ತಿದೆ, ಸಭೆ ಕರೆದರೆ ಹತ್ತು ಜನ ಬರ್ತಾರೆ, ಮುಂದಿನ ಸಲ ಐದು, ಬಂದವರ ಮುಖದಲ್ಲೂ ಸುಸ್ತು ಅಂತ ಬರೆದಿದ್ದೆ. ಓದಿ ಹೊಟ್ಟೆಯಲ್ಲಿ ಕಲಸಿದ ಹಾಗಾಯ್ತು. ಆ ತಂಡಕ್ಕೆ ನಾನೂ ತಮಟೆ ಬಡಿದವನು ಅಲ್ವಾ. ಸುಮ್ನೆ ಸಮಾಧಾನದ ಮಾತು ಬರೆಯಲು ಮನಸ್ಸಾಗಲಿಲ್ಲ. ಈ ಮೂರು ವಾರ ಪಕ್ಕದ ಮನೆಯವರ ಹಬ್ಬದಲ್ಲಿ ಕಳೆದೆ. ಅಲ್ಲಿ ಕಂಡದ್ದನ್ನೇ ನಿನಗೆ ಹೇಳಬೇಕು ಅನ್ನಿಸಿದೆ.

ನಾನಿರುವ ಸ್ಕ್ವಿರೆಲ್ ಹಿಲ್ ಹಳೆಯ ಯೆಹೂದಿ ಬಡಾವಣೆ. ಪಕ್ಕದ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರದೊಂದು ಸಣ್ಣ ಗುಂಪು. ಸ್ವಂತ ಕಟ್ಟಡ ಇಲ್ಲ, ಬಾಡಿಗೆಯ ಹಾಲಿನಲ್ಲಿ ಸೇರುತ್ತಾರೆ. ಚಳಿ ಶುರುವಾಗುವ ಮುಂಚೆ, ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ ಇವರ ಹಬ್ಬಗಳು ಸಾಲಾಗಿ ಬರುತ್ತವೆ. ಇವರ ಪಂಚಾಂಗವೂ ಚಂದ್ರನದ್ದೇ. ನಮ್ಮ ಹಾಗೇ ಅಧಿಕ ಮಾಸ ಸೇರಿಸುತ್ತಾರೆ, 19 ವರ್ಷಕ್ಕೆ 7 ಸಲ.

ಮೊದಲು ಯೋಮ್ ಕಿಪ್ಪುರ್, ತಪ್ಪು ಒಪ್ಪಿಕೊಂಡು ಕ್ಷಮೆ ಕೇಳುವ ದಿನ. ಒಂದು ಸಂಜೆಯಿಂದ ಮರುದಿನ ಕತ್ತಲಾಗುವವರೆಗೆ, ಸುಮಾರು 25 ಗಂಟೆ ಉಪವಾಸ. ನೀರೂ ಇಲ್ಲ. ಈ ವರ್ಷ ನಮ್ಮ ಆಯುಧಪೂಜೆಯ ದಿನ ಸಂಜೆ ಶುರುವಾಗಿ ವಿಜಯದಶಮಿಯ ರಾತ್ರಿ ಮುಗಿಯಿತು. ಅವತ್ತು ಗಾಂಧಿ ಜಯಂತಿ ಕೂಡ. ಅಜ್ಜಿ ಕರೆದರು ಅಂತ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.

ಅಲ್ಲಿ ತಪ್ಪು ಒಪ್ಪಿಕೊಳ್ಳುವ ಒಂದು ಪ್ರಾರ್ಥನೆ ಇದೆ. ಅದರಲ್ಲಿ 'ನಾನು' ಬರುವುದೇ ಇಲ್ಲ ಮಂಜು, ಎಲ್ಲವೂ 'ನಾವು'. ಹೀಬ್ರೂ ಅಕ್ಷರಮಾಲೆಯ ಕ್ರಮದಲ್ಲಿ ಒಂದೊಂದು ಅಕ್ಷರಕ್ಕೆ ಒಂದೊಂದು ತಪ್ಪು. ನಾವು ದ್ರೋಹ ಮಾಡಿದೆವು. ನಾವು ಕಸಿದುಕೊಂಡೆವು. ನಾವು ಸುಳ್ಳು ಹೇಳಿದೆವು. ಒಂದೊಂದಕ್ಕೂ ಮುಷ್ಟಿಯಿಂದ ಎದೆಯ ಮೇಲೆ ಮೆಲ್ಲಗೆ ಒಂದು ಪೆಟ್ಟು. ಏನೂ ಕಸಿಯದವನೂ 'ಕಸಿದುಕೊಂಡೆವು' ಅನ್ನಬೇಕು. ಯಾಕೆ ಅಂತ ಆಮೇಲೆ ಕೇಳಿದೆ. "ಒಬ್ಬಳೇ ಹೇಳಲು ಬಾಯಿ ಬರದಿದ್ದರೆ ಪಕ್ಕದವರ ದನಿಯೊಳಗೆ ಸೇರಿಸಿ ಹೇಳಬಹುದಲ್ಲ" ಅಂದರು ಅಜ್ಜಿ.

ಈ ಗುಂಪು ಹಳೆಯ ಪಟ್ಟಿಗೆ ತಮ್ಮದೂ ಒಂದಷ್ಟು ಸೇರಿಸುತ್ತದೆ. ಬಾಗಿಲ ಹತ್ತಿರ ಒಂದು ರಟ್ಟಿನ ಡಬ್ಬ. ಹೆಸರು ಹಾಕದೆ ಚೀಟಿ ಬರೆದು ಹಾಕಬೇಕು. ಮಧ್ಯಾಹ್ನ ಒಬ್ಬಳು ಹುಡುಗಿ ಅವನ್ನೆಲ್ಲ ಓದಿದಳು. "ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟವರ ಸಾಮಾನು ರಸ್ತೆಯಲ್ಲಿತ್ತು. ನಾವು ಆ ಕಡೆಯ ಫುಟ್‌ಪಾತಿಗೆ ದಾಟಿದೆವು." ಎದೆಗೆ ಒಂದು ಪೆಟ್ಟು. "ಆಸ್ಪತ್ರೆಯ ನೆಲ ಒರೆಸುವವರ ಹೆಸರು ನಾವು ಕೇಳಲಿಲ್ಲ." ಇನ್ನೊಂದು. ನಾನೂ ಒಂದು ಚೀಟಿ ಹಾಕಿದ್ದೆ: "ದೂರದಿಂದ ಊರಿಗೆ ಫೋನ್ ಮಾಡಿ ಎಲ್ಲ ಚೆನ್ನಾಗಿದೆಯಲ್ಲ ಅಂತ ಕೇಳಿದೆವು. ಉತ್ತರ ಬರುವ ಮುಂಚೆ ಇಟ್ಟೆವು." ಅದನ್ನು ಓದಿದಾಗ ಅರವತ್ತು ಜನರ ಮುಷ್ಟಿ ಎದೆಗೆ ತಗುಲಿದ ಸದ್ದು ಕೇಳಿಸಿತು. ಗೋಣಿಚೀಲ ನೆಲಕ್ಕೆ ಇಳಿಸಿದಾಗ ಆಗುತ್ತಲ್ಲ, ಅಂಥ ಸದ್ದು. ನನಗೆ ನಿನ್ನ ನೆನಪಾಯಿತು.

ಅವತ್ತು ಬೆಳಿಗ್ಗೆ ಓದುವುದು ಬೈಬಲ್ಲಿನ ಯೆಶಾಯ ಪ್ರವಾದಿಯ ಪುಸ್ತಕದ 58ನೇ ಅಧ್ಯಾಯ. ಹಸಿದು ಕೂತವರಿಗೇ ಪ್ರವಾದಿ ಕೇಳುತ್ತಾನೆ: ತಲೆ ಬಗ್ಗಿಸಿ ಗೋಣಿತಟ್ಟು ಹಾಸಿ ಕೂತರೆ ಉಪವಾಸ ಆಯಿತಾ? ನೊಗ ಮುರಿಯುವುದು, ಹಸಿದವರಿಗೆ ರೊಟ್ಟಿ ಹಂಚುವುದು, ನೆಲೆಯಿಲ್ಲದವರನ್ನು ಮನೆಗೆ ಕರೆತರುವುದು ಉಪವಾಸ ಅಲ್ಲವಾ? ಉಪವಾಸದ ದಿನವೇ ಇದನ್ನು ಓದಬೇಕು ಅಂತ ನಿಶ್ಚಯಿಸಿದ ಹಿರಿಯರು ದೊಡ್ಡವರು. ಇನ್ನೊಂದು ಕಟ್ಟಳೆಯೂ ಇದೆ. ಮನುಷ್ಯನಿಗೆ ಮಾಡಿದ ತಪ್ಪನ್ನು ಈ ಉಪವಾಸ ಕಳೆಯುವುದಿಲ್ಲ, ಆ ಮನುಷ್ಯನ ಹತ್ತಿರವೇ ಹೋಗಿ ಸಮಾಧಾನ ಮಾಡಬೇಕು.

ರಾತ್ರಿ ಕೊಂಬು ಊದಿ ಉಪವಾಸ ಮುಗಿಯಿತು. ಎಲ್ಲರೂ ಸೇರಿ ಊಟ ಮಾಡಿದೆವು. ಮನೆಗೆ ಬಂದು ಇನ್ನೇನು ಮಲಗಬೇಕು, ಪಕ್ಕದ ಹಿತ್ತಲಿನಿಂದ ಟಕ್ ಟಕ್ ಅಂತ ಸುತ್ತಿಗೆಯ ಸದ್ದು. ನೋಡಿದರೆ ಅಜ್ಜಿ ಟಾರ್ಚ್ ಹಿಡಿದು ನಿಂತಿದ್ದಾರೆ, ಮೊಮ್ಮಗ ಗೂಟ ಹೊಡೆಯುತ್ತಿದ್ದಾನೆ. ಮುಂದಿನ ಹಬ್ಬದ ಚಪ್ಪರದ ಮೊದಲ ಗೂಟವನ್ನು ಅದೇ ರಾತ್ರಿ ನೆಡುವುದು ರೂಢಿಯಂತೆ. ದಿನವಿಡೀ ಎದೆಗೆ ಹೊಡೆದುಕೊಂಡ ಕೈಗೆ ರಾತ್ರಿ ಸುತ್ತಿಗೆ. ಈ ಮೂರು ವಾರದಲ್ಲಿ ನನಗೆ ತುಂಬಾ ನಾಟಿದ್ದು ಇದೇ.

ಆ ಹಬ್ಬದ ಹೆಸರು ಸುಕ್ಕೋತ್. ಕನ್ನಡ ಬೈಬಲ್ಲಿನಲ್ಲಿ ಪರ್ಣಶಾಲೆಗಳ ಹಬ್ಬ ಅಂತ ಇದೆ. ಈಜಿಪ್ಟಿನ ಗುಲಾಮಗಿರಿಯಿಂದ ಬಿಡಿಸಿಕೊಂಡು ನಲವತ್ತು ವರ್ಷ ಮರುಭೂಮಿಯಲ್ಲಿ ಅಲೆದ ನೆನಪಿಗೆ ಏಳು ದಿನ ಗುಡಿಸಲಿನಲ್ಲಿ ಇರುವುದು. ಜೊತೆಗೆ ಸುಗ್ಗಿಯ ಹಬ್ಬ ಕೂಡ. ಈ ವರ್ಷ ಅಕ್ಟೋಬರ್ 6ರ ಸಂಜೆ ಶುರುವಾಯಿತು, ಹುಣ್ಣಿಮೆಯ ದಿನ. ನಮ್ಮ ಭೂಮಿ ಹುಣ್ಣಿಮೆ ಕಣೋ! ನಿಮ್ಮವ್ವ ಬೆಳಗಿನ ಜಾವ ಭೂಮಿತಾಯಿಯ ಪೂಜೆಗೆ ಅಂತ ಗದ್ದೆಗೆ ಬುಟ್ಟಿ ಹೊರಿಸಿದ ಅದೇ ಚಂದ್ರನಲ್ಲಿ ನಾವಿಲ್ಲಿ ಚಪ್ಪರ ಕಟ್ಟಿ ಕೂತಿದ್ದೆವು.

ಚಪ್ಪರಕ್ಕೆ ಗೋಡೆ ಎರಡೂವರೆ ಇದ್ದರೂ ಸಾಕು. ಮಾಡಿಗೆ ಮಾತ್ರ ನೆಲದಲ್ಲಿ ಬೆಳೆದು ಕಡಿದದ್ದನ್ನೇ ಹಾಕಬೇಕು. ಹತ್ತಿರದ ಹೊಲದಿಂದ ಜೋಳದ ದಂಟು ತಂದಿದ್ದರು. ನಾನು ಏಣಿ ಹತ್ತಿದೆ. ನಿನಗೆ ಗೊತ್ತಲ್ಲ, ಸೋಗೆ ಹೊದಿಸುವುದು ನಮಗೆ ಅಪ್ಪ ಕಲಿಸಿದ ಕೆಲಸ. ಆಷಾಢದ ಮಳೆಗೂ ಒಂದು ಹನಿ ಒಳಗೆ ಬೀಳಬಾರದು. ಕೈ ತಾನಾಗಿಯೇ ಒತ್ತೊತ್ತಾಗಿ ಜೋಡಿಸುತ್ತಾ ಹೋಯಿತು. ಕೆಳಗಿಂದ ಅಜ್ಜಿ ಕೂಗಿದರು: "ಸಾಕು, ಸಾಕು! ಚುಕ್ಕಿ ಕಾಣಬೇಕು!" ಬಿಸಿಲಿಗಿಂತ ನೆರಳು ಜಾಸ್ತಿ ಇರಬೇಕು, ಆದರೆ ರಾತ್ರಿ ತಲೆ ಎತ್ತಿದರೆ ಚುಕ್ಕಿ ಕಾಣುವಷ್ಟು ಸಂದು ಇರಬೇಕು. ಮಳೆ ಬಂದರೆ ನೆನೆಯುತ್ತದೆ, ಗಾಳಿ ಬಂದರೆ ಅಲ್ಲಾಡುತ್ತದೆ. ಹಾಗೇ ಇರಬೇಕು. ನಾಲ್ಕು ದಂಟು ಎಳೆದು ಕೆಳಗೆ ಹಾಕಿದೆ.

ಗೋಡೆಗೆ ಹಳೆಯ ಬೆಡ್‌ಶೀಟುಗಳನ್ನು ಕಟ್ಟಿದರು. ಮನೆಗೊಂದು ಶೀಟು. ತಮ್ಮ ಹಿರಿಯರು ಯಾವ ಊರು ಬಿಟ್ಟು ಬಂದರು ಅನ್ನುವುದನ್ನು ಅದರ ಮೇಲೆ ಚಿತ್ರ ಬರೆಯಬೇಕು. ಕೆಲವರು ರೈಲು ಬರೆದರು, ಒಬ್ಬರು ಬರೀ ಒಂದು ಬಾಗಿಲು. ನಾನು ಶೀಟಿಗೆ ಕೆಮ್ಮಣ್ಣಿನ ಬಣ್ಣ ಬಳಿದು, ಅದರ ಮೇಲೆ ಬಿಳಿಯಲ್ಲಿ ನಮ್ಮ ಭೂಮಿ ಹುಣ್ಣಿಮೆಯ ಬುಟ್ಟಿಯ, ಭೂಮಣ್ಣಿ ಬುಟ್ಟಿಯ, ಚಿತ್ತಾರ ಎಳೆದೆ. ಅವ್ವನ ಕೈಯಷ್ಟು ನೇರ ಗೆರೆ ಯಾರಿಗೆ ಬರುತ್ತದೆ ಹೇಳು. ಮಕ್ಕಳು ಸುತ್ತ ಕೂತು ಭತ್ತದ ಸಸಿ, ಏಣಿ, ತೋರಣ ಎಲ್ಲ ಕಲಿತರು. ಚಿತ್ರ ಬರೆಯುತ್ತಲೇ ಮಾತು ಶುರುವಾಯಿತು. ಯಾರ ಮನೆಗೆ ಬಾಡಿಗೆ ನೋಟಿಸು ಬಂದಿದೆ, ಹೊಸದಾಗಿ ಬಂದ ನಿರಾಶ್ರಿತ ಕುಟುಂಬಕ್ಕೆ ಚಳಿಗೆ ಕೋಟು ಬೇಕು, ಮಂಗಳವಾರ ನಗರಸಭೆಗೆ ಯಾರು ಹೋಗುತ್ತಾರೆ. ಕೈಯಲ್ಲಿ ಕುಂಚ ಹಿಡಿದುಕೊಂಡೇ ಏಳು ಜನ ಹೆಸರು ಕೊಟ್ಟರು. ಕುರ್ಚಿ ಸಾಲು ಹಾಕಿ ಕೇಳಿದ್ದರೆ ಅಷ್ಟು ಜನ ಕೈ ಎತ್ತುತ್ತಿದ್ದರು ಅಂತ ನನಗೆ ಅನ್ನಿಸುವುದಿಲ್ಲ.

ನ್ಯೂಯಾರ್ಕಿನ ಯೂನಿಯನ್ ಸ್ಕ್ವೇರಿನಲ್ಲಿ 2010ರಲ್ಲಿ ಇಂಥ ಚಪ್ಪರಗಳದ್ದೇ ಒಂದು ಸ್ಪರ್ಧೆ ನಡೆದಿತ್ತು, ಆಯ್ಕೆಯಾದ 12 ಚಪ್ಪರ ಅಲ್ಲಿ ಎದ್ದು ನಿಂತಿದ್ದವು. ಅದರಲ್ಲಿ ಒಂದನ್ನು ಕಟ್ಟಿದ್ದು ಬೀದಿಯಲ್ಲಿ ಬದುಕುವವರು ಕೈಯಲ್ಲಿ ಹಿಡಿದು ನಿಲ್ಲುವ ರಟ್ಟಿನ ಫಲಕಗಳಿಂದ. 'ಮನೆಯಿಲ್ಲ, ಸಹಾಯ ಮಾಡಿ' ಅಂತೆಲ್ಲ ಬರೆದ ಫಲಕಗಳು. ಕ್ಯಾಲಿಫೋರ್ನಿಯಾದ ರೊನಾಲ್ಡ್ ರೇಲ್ ಮತ್ತು ವರ್ಜೀನಿಯಾ ಸ್ಯಾನ್ ಫ್ರಾಟೆಲ್ಲೊ ಅನ್ನುವ ಇಬ್ಬರು ವಾಸ್ತುಶಿಲ್ಪಿಗಳು ಅವನ್ನು ಅವರಿಂದಲೇ ದುಡ್ಡು ಕೊಟ್ಟು ಕೊಂಡಿದ್ದರು. ಮನೆ ಇದ್ದವರು ಹೋಗಿ ಮನೆ ಇಲ್ಲದವರ ಅಕ್ಷರಗಳ ನಡುವೆ ನಿಲ್ಲಬೇಕು. ನಮ್ಮ ನಾಟಕದ ರಂಗಸಜ್ಜಿಕೆಗೆ ಇಂಥದ್ದು ನಮಗೆ ಹೊಳೆಯಲೇ ಇಲ್ಲ ನೋಡು.

ಚಪ್ಪರಕ್ಕೆ ಅತಿಥಿಗಳನ್ನು ಕರೆಯುವ ಪದ್ಧತಿ ಇದೆ. ಬದುಕಿರುವವರನ್ನಷ್ಟೇ ಅಲ್ಲ, ಅಬ್ರಹಾಮ, ಮೋಶೆ ಮೊದಲಾದ ಹಿರಿಯರನ್ನೂ ದಿನಕ್ಕೊಬ್ಬರಂತೆ ಕರೆಯುತ್ತಾರೆ. ಈ ಗುಂಪಿನಲ್ಲಿ ಅವರವರಿಗೆ ಬೇಕಾದವರನ್ನು ಕರೆಯಬಹುದು. ಅಜ್ಜಿ ಕ್ಲಾರಾ ಲೆಮ್ಲಿಕ್ ಅವರನ್ನು ಕರೆದರು. 1909ರ ನವೆಂಬರ್ 22ರಂದು ನ್ಯೂಯಾರ್ಕಿನ ಕೂಪರ್ ಯೂನಿಯನ್ ಸಭಾಂಗಣದಲ್ಲಿ ನಾಯಕರು ಗಂಟೆಗಟ್ಟಲೆ ಮಾತಾಡುತ್ತಿದ್ದಾಗ, ಎದ್ದು ಹೋಗಿ ಯಿಡ್ಡಿಷ್ ಭಾಷೆಯಲ್ಲಿ 'ಮಾತು ಸಾಕು, ಮುಷ್ಕರ ಹೂಡೋಣ' ಅಂದವಳು. ಆಗ ಅವಳಿಗೆ 23 ವರ್ಷ, ಬಟ್ಟೆ ಹೊಲಿಯುವ ಹುಡುಗಿ. ಸಭೆ ಕೈ ಎತ್ತಿ ಆಣೆ ಮಾಡಿತು: ಮಾತಿಗೆ ತಪ್ಪಿದರೆ ಎತ್ತಿದ ಈ ಕೈ ಬತ್ತಿ ಹೋಗಲಿ. ಬೈಬಲ್ಲಿನ 137ನೇ ಕೀರ್ತನೆಯಲ್ಲಿ ಜೆರುಸಲೇಮನ್ನು ಮರೆತರೆ ಅಂತ ಇರುವ ಆಣೆ, ಅಲ್ಲಿ ಕೂಲಿಯವರ ಆಣೆಯಾಯಿತು. ಸುಮಾರು 20 ಸಾವಿರ ಜನ ಕೆಲಸ ನಿಲ್ಲಿಸಿದರು.

ನನ್ನ ಸರದಿ ಬಂತು. ನಾನು ನಮ್ಮ ಅಜ್ಜನನ್ನು ಕರೆದೆ. 1951, ಸಾಗರದ ಹತ್ತಿರದ ಕಾಗೋಡಿನ ಸತ್ಯಾಗ್ರಹ. ರೈತ ನಾಯಕ ಎಚ್. ಗಣಪತಿಯಪ್ಪನವರ ಜೊತೆ ಗೇಣಿದಾರರು ಗದ್ದೆಗೆ ಇಳಿದದ್ದು, ಭತ್ತ ಅಳೆಯುವ ಕೊಳಗದ ಜಗಳ, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಸಾಗರ ಊರಿಗೆ ಬಂದು ಬಂಧನಕ್ಕೆ ಒಳಗಾದದ್ದು, ಎಲ್ಲ ಹೇಳಿದೆ. ಕೊಳಗ ಅಂದರೆ ಏನು ಅಂತ ಒಬ್ಬ ಹುಡುಗ ಕೇಳಿದ. ಎರಡೂ ಕೈ ಸೇರಿಸಿ ಗುಂಡಗೆ ಮಾಡಿ ತೋರಿಸಿದೆ. ಆಮೇಲೆ ಗೇಣಿ ವಸೂಲಿ ಮಾಡುವ ಭೂಒಡೆಯರ ಕೊಳಗ ಎಷ್ಟು ದೊಡ್ಡದಿತ್ತು ಅಂತ ಕೈ ಸ್ವಲ್ಪ ಅಗಲಿಸಿದೆ. ಆ ಸ್ವಲ್ಪವೇ ಅಜ್ಜನ ಮಕ್ಕಳ ಊಟ ಅಂದೆ. ಯಾರೂ ಮಾತಾಡಲಿಲ್ಲ. ಅಜ್ಜಿ ನನ್ನ ಕೈಗಳನ್ನೇ ನೋಡುತ್ತಿದ್ದರು.

ಎಲ್ಲ ಸಲೀಸಾಗಿತ್ತು ಅಂತ ಅಂದುಕೊಳ್ಳಬೇಡ. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ದಾಳಿ ನಡೆದದ್ದು ಇದೇ ಹಬ್ಬಸಾಲಿನ ಕೊನೆಯಲ್ಲಿ. ಗುಂಪಿನಲ್ಲಿ ಒಬ್ಬಾಕೆಯ ನೆಂಟರು ಇಸ್ರೇಲಿನಲ್ಲಿದ್ದಾರೆ. ಇನ್ನೊಬ್ಬ ಹುಡುಗ ಗಾಜಾದ ಮಕ್ಕಳಿಗಾಗಿ ಪ್ರತಿ ವಾರ ಫಲಕ ಹಿಡಿದು ನಿಲ್ಲುತ್ತಾನೆ. ಎರಡನೇ ರಾತ್ರಿ ಇಬ್ಬರಿಗೂ ಮಾತಿಗೆ ಮಾತು ಬೆಳೆದು ಆಕೆ ಅಳುತ್ತಾ ಎದ್ದು ಹೋದರು. ಮರುದಿನ ಅವನೇ ಆಕೆಯ ಮನೆಗೆ ಹೋಗಿ ಕರೆತಂದ. ಆಕೆ ಒಂದು ದೊಡ್ಡ ಪಾತ್ರೆಯಲ್ಲಿ ಸೂಪು ತಂದಿದ್ದರು. ಅಭಿಪ್ರಾಯ ಇಬ್ಬರದೂ ಬದಲಾಗಲಿಲ್ಲ. ಹಬ್ಬದ ನಡುವೆ ಗಾಜಾದ ಕದನ ವಿರಾಮದ ಸುದ್ದಿ ಬಂದಾಗ ಇಬ್ಬರೂ ಒಂದೇ ಬೆಂಚಿನ ಮೇಲಿದ್ದರು.

ಈ ಬಡಾವಣೆಗೆ ಅಕ್ಟೋಬರ್ ಅಂದರೆ ಇನ್ನೊಂದು ನೋವೂ ಇದೆ. 2018ರ ಅಕ್ಟೋಬರ್ 27ರ ಶನಿವಾರ ಬೆಳಿಗ್ಗೆ ಟ್ರೀ ಆಫ್ ಲೈಫ್ ಪ್ರಾರ್ಥನಾ ಮಂದಿರದಲ್ಲಿ ಒಬ್ಬ ಗುಂಡು ಹಾರಿಸಿ 11 ಜನರನ್ನು ಕೊಂದ. ಅಲ್ಲಿ ಸೇರುತ್ತಿದ್ದ ಒಂದು ಗುಂಪು ನಿರಾಶ್ರಿತರ ಪರವಾಗಿ ನಿಂತಿತ್ತು, ಅವನ ಸಿಟ್ಟಿಗೆ ಅದೂ ಒಂದು ಕಾರಣ. ಅವತ್ತು ಸಂಜೆಯೇ ಇಲ್ಲಿನ ಹೈಸ್ಕೂಲು ಮಕ್ಕಳು ಕರೆ ಕೊಟ್ಟು ಮರ್ರಿ ಮತ್ತು ಫೋರ್ಬ್ಸ್ ರಸ್ತೆ ಕೂಡುವಲ್ಲಿ ಸಾವಿರಾರು ಜನ ದೀಪ ಹಿಡಿದು ಸೇರಿದರು. ಮುಸ್ಲಿಮರು ಸೇರಿ 2 ಲಕ್ಷ ಡಾಲರಿಗೂ ಜಾಸ್ತಿ ಹಣ ಕೂಡಿಸಿ ಕೊಟ್ಟರು. ಎಲ್ಲೆಲ್ಲಿಂದಲೋ ಹೆಂಗಸರು ನೂಲಿನಲ್ಲಿ ಹೆಣೆದ ನಕ್ಷತ್ರಗಳನ್ನು ಕಳಿಸಿದರು, ಬೀದಿಯ ಮರ, ಕಂಬಗಳಿಗೆ ಅವನ್ನೆಲ್ಲ ಕಟ್ಟಿದರು. ಅಜ್ಜಿಯ ಹತ್ತಿರ ಒಂದು ನೀಲಿ ನಕ್ಷತ್ರ ಉಳಿದಿದೆ. ನೂಲು ಬಿಸಿಲಿಗೆ ಬೆಳ್ಳಗಾಗಿದೆ. ಪ್ರತಿ ವರ್ಷ ಚಪ್ಪರದ ಬಾಗಿಲಿಗೆ ಅದನ್ನೇ ಕಟ್ಟುತ್ತಾರೆ. ಬಾಗಿಲಿಗೆ ಕದ ಮಾತ್ರ ಇಡುವುದಿಲ್ಲ.

ಮಂಜು, ನಿನಗೆ ಒಂದು ಮಾತು ಕೇಳಲಾ? ಮುಂದಿನ ಸಲ ಸಭೆ ಅಂತ ಕರೆಯಬೇಡ. ನಿಮ್ಮವ್ವ ಬುಟ್ಟಿಗೆ ಚಿತ್ತಾರ ಬರೆಯಲು ಕೂರುತ್ತಾರಲ್ಲ, ಆ ಜಗಲಿಗೇ ಕರೆ. ಕೆಮ್ಮಣ್ಣು ಕಲಸಲು ನಾಲ್ಕು ಜನ, ಅಕ್ಕಿ ರುಬ್ಬಲು ಇಬ್ಬರು. ಕಾಗೋಡಿನ ಕಥೆ ಗೊತ್ತಿರುವ ಒಬ್ಬ ಮುದುಕರಾದರೂ ಊರಲ್ಲಿ ಉಳಿದಿರಬೇಕು, ಅವರನ್ನು ಕೂರಿಸು. ಐದೇ ಜನ ಬಂದರೂ ಇರಲಿ. ನಾಟಕದ ಮಾತು ಅಲ್ಲಿ ತಾನಾಗಿ ಬರುತ್ತದೆ ಅಂತ ನನಗೆ ಅನ್ನಿಸುತ್ತದೆ. ಮುಂದಿನ ಭೂಮಿ ಹುಣ್ಣಿಮೆಗೆ ನಾನೂ ರಜೆ ಹಾಕಿ ಬರುತ್ತೇನೆ, ತಮಟೆ ಅಟ್ಟದಿಂದ ಇಳಿಸಿಡು.

ಇನ್ನೊಂದು ಕೆಲಸ ಆಗಬೇಕು. ಈ ಹಬ್ಬದಲ್ಲಿ ಖರ್ಜೂರದ ಗರಿ ಮತ್ತು ಇನ್ನೆರಡು ಜಾತಿಯ ಸೊಪ್ಪಿನ ಕೊಂಬೆಗಳ ಜೊತೆ ಒಂದು ಹಣ್ಣು ಹಿಡಿದು ನಾಲ್ಕು ದಿಕ್ಕಿಗೂ, ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸುತ್ತಾರೆ. ಅಜ್ಜಿ ನಾರಿನ ಮೆತ್ತೆ ಬಿಡಿಸಿ ಅದನ್ನು ನನ್ನ ಕೈಗೆ ಇಟ್ಟಾಗ ಮೂಗಿಗೆ ಹಿಡಿದೆ. ನಿಮ್ಮ ಹಿತ್ತಲ ಮಾದಲ ಹಣ್ಣು! ಅದೇ ಉಬ್ಬುತಗ್ಗಿನ ಹಳದಿ ಸಿಪ್ಪೆ, ಅದೇ ವಾಸನೆ. ತುದಿಯ ತೊಟ್ಟು ಮುರಿಯದ ಹಾಗೆ ಎಂಟು ದಿನ ಕಾಪಾಡಿದ್ದರು. ಹಬ್ಬ ಮುಗಿದ ಮೇಲೆ ನನಗೇ ಕೊಟ್ಟರು, ಔಷಧಿ ಹೊಡೆಯದ ಹಣ್ಣು, ಧೈರ್ಯವಾಗಿ ತಿನ್ನು ಅಂತ. ಇವರು ಇದರಲ್ಲಿ ಮುರಬ್ಬ ಮಾಡುತ್ತಾರೆ. ನನಗೆ ಉಪ್ಪಿನಕಾಯಿಯೇ ಬೇಕು, ಅಜ್ಜಿಗೂ ರುಚಿ ತೋರಿಸಬೇಕು. ಸಿಪ್ಪೆ ಸಮೇತ ಹೆಚ್ಚಬೇಕಾ, ಉಪ್ಪಿನಲ್ಲಿ ಎಷ್ಟು ದಿನ ಇಡಬೇಕು, ನಿಮ್ಮವ್ವನ ಹತ್ತಿರ ಕೇಳಿ ಬೇಗ ಬರಿ. ಹಣ್ಣು ಅಡುಗೆಮನೆಯ ಕಿಟಕಿಯಲ್ಲಿದೆ.

ನಿನ್ನ
ರಾಘು