ಗುಂಡಿಗೆ ಹೊಯ್ಗೆ, ಜಗಲಿಗೆ ಒಂದು ಪೆಟ್ಟಿಗೆ: ನಮ್ಮ ಶಾಲೆಯ ಹುಡುಗಿಯ ನೆನಪಿನಲ್ಲಿ ಒಂದು ಮನವಿ

ಊರಿನಲ್ಲಿರುವ, ಮಂಗಳೂರು, ಮುಂಬೈ, ಗಲ್ಫಿನಲ್ಲಿರುವ ನಮ್ಮ ಶಾಲೆಯ ಹಳೆ ವಿದ್ಯಾರ್ಥಿಗಳಿಗೆಲ್ಲ ನಮಸ್ಕಾರ.

ಲಾಂಗ್ ಜಂಪ್ ಹಾರುತ್ತಿದ್ದ, ಓಡುತ್ತಿರುವಾಗಲೇ ಬಿದ್ದು ತೀರಿಕೊಂಡ ನಮ್ಮ ಶಾಲೆಯ ಹುಡುಗಿಯ ನೆನಪಿಗೆ ಈ ಪತ್ರ. ಇದರಲ್ಲಿ ಅವಳ ಹೆಸರು ಬರುವುದಿಲ್ಲ. ಊರವರಿಗೆ ಹೇಗೂ ಗೊತ್ತುಂಟು. ಉಳಿದವರಿಗೆ ಹೇಳುವುದು ಬೇಡ ಎಂದು ಅವಳ ಅಮ್ಮ ಕೇಳಿಕೊಂಡಿದ್ದಾರೆ. "ಫೋಟೋ ಬೇಡ, ಫ್ಲೆಕ್ಸ್ ಬೇಡ. ಅವಳ ಮುಖ ಮೊಬೈಲಿನಿಂದ ಮೊಬೈಲಿಗೆ ಹೋಗುವುದು ನನಗೆ ನೋಡಲಿಕ್ಕಾಗುವುದಿಲ್ಲ" ಎಂದರು. ದೇಣಿಗೆ ಪತ್ರಕ್ಕೆ ಫೋಟೋ ಇಲ್ಲದಿದ್ದರೆ ದುಡ್ಡು ಬರುವುದಿಲ್ಲ ಎಂದು ಸಮಿತಿಯಲ್ಲಿ ಒಬ್ಬರು ಹೇಳಿದ್ದೂ ಉಂಟು. ಬಾರದಿದ್ದರೆ ಬೇಡ ಎಂದು ತೀರ್ಮಾನ ಮಾಡಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಶಾಲೆ ನಿಮಗೆ ನೆನಪಿದೆಯಲ್ಲ. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ರಸ್ತೆ ಬಿಟ್ಟು ಒಳಗೆ ಬಂದರೆ, ಪದವಿನ ಮೇಲೆ ಹಂಚಿನ ಮಾಡಿನ ಉದ್ದ ಕಟ್ಟಡ. ಎದುರಿಗೆ ಆಟದ ಬಯಲು. ಬಯಲು ಅಂತ ಹೇಳುವುದು ಅಷ್ಟೇ, ಅರ್ಧಕ್ಕರ್ಧ ಮುರಕಲ್ಲು. ಬಿದ್ದರೆ ಮೊಣಕಾಲಿನ ಸಿಪ್ಪೆ ಅಲ್ಲೇ ಉಳಿಯುತ್ತದೆ. ನನ್ನದೂ ಸ್ವಲ್ಪ ಅಲ್ಲೇ ಇದೆ.

ಆ ಬಯಲಿನ ತೆಂಕು ಮೂಲೆಯಲ್ಲಿ ಅವಳು ಎಂಟನೆಯ ಕ್ಲಾಸಿನಲ್ಲಿರುವಾಗ ಲಾಂಗ್ ಜಂಪಿಗೆಂದು ಒಂದು ಗುಂಡಿ ತೋಡಿದಳು. ಅವಳು, ಅವಳ ತಮ್ಮ, ಪಿ.ಟಿ. ಮಾಸ್ಟ್ರು, ಮೂರೇ ಜನ. ಮುರಕಲ್ಲು ಅಡ್ಡ ಬಂದಲ್ಲಿ ಅವಳ ಅಪ್ಪ ಬಂದು ಪಿಕ್ಕಾಸಿನಲ್ಲಿ ಎಬ್ಬಿಸಿ ಕೊಟ್ಟರು. ತೋಡಿನಿಂದ ಸಿಮೆಂಟು ಚೀಲದಲ್ಲಿ ಹೊಯ್ಗೆ (ಮರಳು) ಹೊತ್ತು ತಂದು ತುಂಬಿಸಿದರು. ಸಾಕಾಗದ್ದಕ್ಕೆ ಅಡಿಯಲ್ಲಿ ಅಡಿಕೆ ಸಿಪ್ಪೆ. ಹಾರುವ ಹಲಗೆ ಹಲಸಿನ ಮರದ್ದು, ಹಳೆ ಬಾಗಿಲಿನ ದಾರಂದದಿಂದ ಕಡಿದದ್ದು.

ಲಾಂಗ್ ಜಂಪಿಗೆ ಓಡಿ ಬರುವ ದಾರಿ ಕಡಿಮೆಯೆಂದರೂ 40 ಮೀಟರ್ ಬೇಕು. ನಮ್ಮಲ್ಲಿ ಹಲಗೆಯಿಂದ ಜಗಲಿಯ ತನಕ ಅಳೆದರೆ 31 ಮೀಟರ್. ಅವಳು ಏನು ಮಾಡಿದಳು ಗೊತ್ತಾ? ಒಂಬತ್ತನೆಯ ಕ್ಲಾಸಿನ ಕೋಣೆಯೊಳಗಿಂದ ಓಟ ಸುರು ಮಾಡಿದಳು. ಕೋಣೆಯ ಹಿಂದಿನ ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಬಾಗಿಲಿನಿಂದ ಹೊರಗೆ, ಜಗಲಿಯ ಎರಡು ಕಂಬಗಳ ನಡುವೆ, ಒಂದು ಮೆಟ್ಟಿಲು ಇಳಿದು, ಅಂಗಳ ದಾಟಿ, ಹಲಗೆ. ಮೆಟ್ಟಿಲಿನಲ್ಲಿ ಅವಳ ಹೆಜ್ಜೆಯ ಲೆಕ್ಕ ಒಂದು ದಿನವೂ ತಪ್ಪಿದ್ದು ನಾನು ನೋಡಿಲ್ಲ. ಶಾಲೆಯ ಗೇಟಿನ ಎದುರೇ ನನ್ನ ಅಂಗಡಿ. ಸಂಜೆ ನಾಲ್ಕೂವರೆಗೆ ಆ ಓಟದ ಸದ್ದು ಕೇಳಿದರೆ ಚಾಕ್ಕೆ ನೀರಿಡುವ ಹೊತ್ತಾಯಿತು ಎಂದು ಲೆಕ್ಕ. ಹಾರಿದ ಮೇಲೆ ಅವಳೇ ಹಿಂದೆ ತಿರುಗಿ ಹೊಯ್ಗೆಯಲ್ಲಿ ಹಿಮ್ಮಡಿಯ ಗುರುತು ನೋಡುವುದು. ಟೇಪಿನ ಒಂದು ತುದಿಗೆ ಕಲ್ಲು ಇಟ್ಟು, ಇನ್ನೊಂದು ತುದಿ ತಾನೇ ಹಿಡಿದು ಅಳೆಯುವುದು. ಮತ್ತೆ ತೆಂಗಿನ ಹೆಡೆಯಲ್ಲಿ ಹೊಯ್ಗೆ ಸಮ ಮಾಡುವುದು. ಅಳತೆಯನ್ನು ಕೋಣೆಯ ಬಾಗಿಲಿನ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದಳು. ಆ ಬಾಗಿಲಿಗೆ ಈ ಸಲ ಪೈಂಟ್ ಹೊಡೆಯಲಿಲ್ಲ. ಯಾರೂ ಹೇಳಲಿಲ್ಲ, ಪೈಂಟಿನವರೇ ಬಿಟ್ಟು ಹೋದರು.

ಉಪಜಿಲ್ಲೆಯಲ್ಲಿ ಮೊದಲ ಸ್ಥಾನ ಎರಡು ಸಲ. ಜಿಲ್ಲೆಯಲ್ಲಿ ರಾಜ್ಯ ಮಟ್ಟಕ್ಕೆ ಹೋಗುವ ಅವಕಾಶ 2 ಸೆಂಟಿಮೀಟರಿನಲ್ಲಿ ತಪ್ಪಿತು. ಊರಿನಲ್ಲಿ ಕೆಲವರು "ಎರಡು ಸೆಂಟಿಮೀಟರ್ ಅಂದರೆ ಏನು ಮಹಾ, ಸುಮ್ನೆ ಕೊಡಬಹುದಿತ್ತು" ಎಂದರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ನಮ್ಮ ಕೇರಳದವರೇ ಇಬ್ಬರು ಟ್ರಿಪಲ್ ಜಂಪಿನಲ್ಲಿ ಚಿನ್ನ, ಬೆಳ್ಳಿ ತಂದರಲ್ಲ, ಎಲ್ದೋಸ್ ಪಾಲ್ 17.03 ಮೀಟರ್, ಅಬ್ದುಲ್ಲ ಅಬೂಬಕ್ಕರ್ 17.02. ಚಿನ್ನಕ್ಕೂ ಬೆಳ್ಳಿಗೂ ನಡುವೆ ಒಂದೇ ಸೆಂಟಿಮೀಟರ್. ಇದನ್ನು ನನಗೆ ಹೇಳಿಕೊಟ್ಟದ್ದು ಅವಳೇ, ಮಿಠಾಯಿಯ ಚಿಲ್ಲರೆ ಎಣಿಸುತ್ತಾ.

ಜಿಲ್ಲೆಯಿಂದ ಸರ್ಟಿಫಿಕೇಟ್ ಬಂದಾಗ ಅದರಲ್ಲಿ ಅವಳ ಹೆಸರು ತಪ್ಪಿತ್ತು. ತುಳು ಮನೆಯ ಹೆಸರು, ಕನ್ನಡ ಶಾಲೆಯ ಪಟ್ಟಿ, ಮಲಯಾಳದಲ್ಲಿ ಬರೆದವರ ಕೈ, ಆಮೇಲೆ ಇಂಗ್ಲಿಷ್. ಇಷ್ಟು ಕಡೆ ಸುತ್ತಿ ಬರುವಾಗ ಹೆಸರು ಗುರುತು ಸಿಗದ ಹಾಗೆ ಆಗಿತ್ತು. ಈ ಗಡಿಯ ಮಕ್ಕಳಿಗೆ ಇದು ಹೊಸತಲ್ಲ ಬಿಡಿ. ಮಾಸ್ಟ್ರಿಗೆ ಸಿಟ್ಟು ಬಂತು, ಈಗಲೇ ಕಾಸರಗೋಡಿಗೆ ಹೋಗಿ ಸರಿ ಮಾಡಿಸುತ್ತೇನೆ ಎಂದು ಹೊರಟರು. ಅವಳು ನಕ್ಕು, "ದೂರ ಸರಿಯಾಗಿ ಬರೆದಿದ್ದಾರಲ್ಲ ಮಾಸ್ಟ್ರೇ, ಸಾಕು" ಎಂದಳು.

ಇನ್ನು ಆ ಸಂಜೆಯ ವಿಷಯ. ಬರೆಯಲೇಬೇಕು, ಇಲ್ಲದಿದ್ದರೆ ದುಡ್ಡು ಯಾಕೆ ಕೇಳುತ್ತೇವೆ ಎಂದು ನಿಮಗೆ ಗೊತ್ತಾಗುವುದಿಲ್ಲ.

ಸೋಣ ತಿಂಗಳು, ಆಗಸ್ಟ್-ಸೆಪ್ಟೆಂಬರ್ ಹೊತ್ತು. ಮಳೆ ಬಿಟ್ಟು ಎರಡು ದಿನ ಆಗಿತ್ತು. ಮೂರನೆಯ ಸಲ ಓಡಿ ಬಂದವಳು ಹಲಗೆ ಮುಟ್ಟುವ ಮೊದಲೇ ಕವುಚಿ ಬಿದ್ದಳು. ಕಾಲು ಜಾರಿತು ಎಂದುಕೊಂಡೆವು. ನಾನು ಅಂಗಡಿಯಿಂದ ಓಡಿದೆ. ಮೈ ಸ್ವಲ್ಪ ನಡುಗುತ್ತಿತ್ತು, ಬಾಯಿ ಆಗಾಗ ತೆರೆದು ಗೊರಕೆಯ ಹಾಗೆ ಒಂದು ಉಸಿರು. "ಫಿಟ್ಸ್, ಕಬ್ಬಿಣ ಕೊಡಿ" ಎಂದು ಯಾರೋ ಕೂಗಿದರು. ನನ್ನ ಕಿಸೆಯಲ್ಲಿ ಅಂಗಡಿಯ ಕೀಗೊಂಚಲು ಇತ್ತು. ಅದನ್ನು ಅವಳ ಅಂಗೈಯಲ್ಲಿಟ್ಟು, ಬೆರಳು ಮಡಚಿ, ಗಟ್ಟಿ ಹಿಡಿದುಕೊಂಡು ಕೂತೆ. ಇನ್ನೊಬ್ಬರು ಮುಖಕ್ಕೆ ನೀರು ಹಾಕಿದರು. ಉಸಿರು ಉಂಟಲ್ಲ ಎಂದು ನಮಗೆ ಧೈರ್ಯ. ಜೀಪು ಬರುವಾಗ ಹದಿನೈದು ನಿಮಿಷ ಕಳೆದಿತ್ತು.

ಫಿಟ್ಸ್ ಆಗಿದ್ದರೂ ಕೈಗೆ ಕಬ್ಬಿಣ ಕೊಟ್ಟು ಏನೂ ಆಗುವುದಿಲ್ಲ ಎಂದು ಈಗ ಗೊತ್ತು. ಅದು ಫಿಟ್ಸ್ ಆಗಿರಲಿಲ್ಲ. ಹೃದಯ ನಿಂತಿತ್ತು. ಹೃದಯ ನಿಂತ ಮೇಲೂ ಕೆಲವು ನಿಮಿಷ ಆ ಥರ ಗೊರಕೆಯ ಉಸಿರು ಬರಬಹುದು, ಮೈ ನಡುಗಬಹುದು. ಅದು ಬದುಕಿನ ಉಸಿರಲ್ಲ. ಆಗಲೇ ಎದೆಯ ನಡುವೆ ಎರಡು ಕೈ ಇಟ್ಟು ಒತ್ತಲು ಸುರು ಮಾಡಬೇಕು. ದೊಡ್ಡವರಿಗಾದರೆ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ, ಆಸ್ಪತ್ರೆಯವರು ಕೈಗೆತ್ತಿಕೊಳ್ಳುವ ತನಕ. ಜೊತೆಗೆ ಒಬ್ಬರು 108ಕ್ಕೆ ಫೋನು ಮಾಡಬೇಕು. ಹೃದಯದ ಲಯ ತಪ್ಪಿ ಹೀಗಾದರೆ ಕರೆಂಟಿನ ಒಂದು ಹೊಡೆತ ಕೊಟ್ಟು ಸರಿದಾರಿಗೆ ತರುವ ಪೆಟ್ಟಿಗೆ ಉಂಟು, ಎಇಡಿ ಎನ್ನುತ್ತಾರೆ. ಎದೆ ಒತ್ತುವವರೂ ಇಲ್ಲ, ಪೆಟ್ಟಿಗೆಯೂ ಇಲ್ಲ ಎಂದಾದರೆ, ತಡವಾದ ಒಂದೊಂದು ನಿಮಿಷಕ್ಕೆ ಉಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತಾ ಹೋಗುತ್ತದೆ. ನಾವು ಹದಿನೈದು ನಿಮಿಷ ಕೂತಿದ್ದೆವು.

ಹೃದಯದ ಸ್ನಾಯು ದಪ್ಪವಾಗುವ ಒಂದು ತೊಂದರೆ ಅವಳಿಗೆ ಹುಟ್ಟಿನಿಂದಲೇ ಬಂದದ್ದು ಎಂದು ಆಮೇಲೆ ಡಾಕ್ಟರರು ಹೇಳಿದರು. ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದಂತೆ. ಹೆಚ್ಚಿನವರು ಆರಾಮಾಗಿಯೇ ಇರುತ್ತಾರೆ. ಕುಟುಂಬದಲ್ಲಿ ಹರಿದು ಬರುವುದು ಜಾಸ್ತಿಯಾದ್ದರಿಂದ ತಮ್ಮನಿಗೂ ಪರೀಕ್ಷೆ ಮಾಡಿಸಿದರು, ಅವನಿಗೆ ಸದ್ಯ ಏನೂ ಇಲ್ಲ, ಆದರೂ ಆಗಾಗ ತೋರಿಸುತ್ತಿರಬೇಕು. ಓಡುವಾಗ ತಲೆ ತಿರುಗಿ ಬೀಳುವುದು, ಎದೆ ನೋವು, ಮನೆಯಲ್ಲಿ ಸಣ್ಣ ಪ್ರಾಯದಲ್ಲೇ ಯಾರಾದರೂ ಹಠಾತ್ತಾಗಿ ತೀರಿಕೊಂಡದ್ದು, ಇವೆಲ್ಲ ಸೂಚನೆಗಳಂತೆ. ಹಿಂದಿನ ವರ್ಷ ಓಟದ ನಡುವೆ ಅವಳು ಒಮ್ಮೆ ಕಣ್ಣು ಕತ್ತಲೆ ಬಂದು ಬಿದ್ದಿದ್ದಳು. "ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದೀ ಅಲ್ವಾ" ಎಂದು ಬೈದು ಲಿಂಬೆ ಶರಬತ್ತು ಕೊಟ್ಟವನು ನಾನೇ.

ಇದು ನಮ್ಮ ಪದವಿನಲ್ಲಿ ಮಾತ್ರ ಆಗುವ ವಿಷಯವಲ್ಲ. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಸ್ಟೇಡಿಯಮ್ಮಿನಲ್ಲಿ, ಫೆಡರೇಶನ್ ಕಪ್ ಫೈನಲಿನಲ್ಲಿ, ಡೆಂಪೊ ತಂಡದ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವಾಗಲೇ ಗೋಲ್‌ಕೀಪರಿಗೆ ಡಿಕ್ಕಿಯಾಗಿ ಬಿದ್ದವನು ಏಳಲಿಲ್ಲ. ನಮ್ಮಲ್ಲಿ ಫುಟ್ಬಾಲ್ ಹುಚ್ಚಿನವರಿಗೆ ಅದು ಈಗಲೂ ನೆನಪಿದೆ. 2021ರ ಜೂನ್ 12ರಂದು ಡೆನ್ಮಾರ್ಕಿನ ಕ್ರಿಸ್ಟಿಯನ್ ಎರಿಕ್ಸನ್ ಕೂಡ ಯುರೋ ಕಪ್ಪಿನ ಪಂದ್ಯದ ನಡುವೆ ಹಾಗೆಯೇ ಕುಸಿದ. ಟಿವಿಯಲ್ಲಿ ನೋಡಿದವರಿದ್ದೀರಿ. ಅವನ ಎದೆ ಒತ್ತಿದರು, ಮೈದಾನದಲ್ಲೇ ಶಾಕ್ ಕೊಟ್ಟರು. ಅವನು ಬದುಕಿದ, ಮುಂದಿನ ವರ್ಷ ಮತ್ತೆ ಆಡಿದ.

ನಮ್ಮ ಜಿಲ್ಲೆಯ ಸ್ಥಿತಿ ನಿಮಗೆ ಗೊತ್ತು. ಸ್ವಲ್ಪ ದೊಡ್ಡ ಕಾಯಿಲೆ ಬಂದರೆ ಮಂಗಳೂರು. 2020ರ ಮಾರ್ಚ್ ಕೊನೆಯಲ್ಲಿ, ಕೊರೋನಾ ಎಂದು ಕರ್ನಾಟಕದ ಗಡಿ ತಲಪಾಡಿಯಲ್ಲಿ ದಾರಿ ಮುಚ್ಚಿ, ಕಾಯಿಲೆಯವರಿಗೆ ಮಂಗಳೂರಿಗೆ ಹೋಗಲಾಗದೆ ಏನಾಯಿತು ಎಂದು ಮರೆತವರು ಇಲ್ಲಿ ಯಾರೂ ಇಲ್ಲ. ಆದರೆ ಈ ವಿಷಯದಲ್ಲಿ ಮಂಗಳೂರು ಹತ್ತಿರ ಇದ್ದರೂ ಉಪಯೋಗವಿಲ್ಲ. ಮೊದಲ ಐದು ನಿಮಿಷದ ಕೆಲಸ ಜಗಲಿಯಲ್ಲಿರುವವರದ್ದೇ.

ಹಾಗಾಗಿ ನಾವು ಕೇಳುವುದು ಇಷ್ಟು. ಒಂದು ಎಇಡಿ ಪೆಟ್ಟಿಗೆ. ನಾವು ತರಿಸಿದ ಕೊಟೇಶನಿನ ಪ್ರಕಾರ 1,20,000 ರೂಪಾಯಿ. ಎದೆಗೆ ಅಂಟಿಸುವ ಪ್ಯಾಡಿಗೆ, ಬ್ಯಾಟರಿಗೆ ಅವಧಿ ಉಂಟು, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಅದಕ್ಕೆಂದು 40,000 ಬೇರೆ ಇಡುತ್ತೇವೆ. ಇಲ್ಲದಿದ್ದರೆ ಎರಡು ವರ್ಷ ಕಳೆದ ಮೇಲೆ ಅದು ಗೋಡೆಯ ಗಡಿಯಾರದ ಹಾಗೆ, ನೋಡಲಿಕ್ಕೆ ಮಾತ್ರ. ಪೆಟ್ಟಿಗೆಯನ್ನು ಜಗಲಿಯ ಕಂಬಕ್ಕೆ ಹಾಕುತ್ತೇವೆ. ಕಳ್ಳರು ಕೊಂಡುಹೋದಾರು, ಹೆಡ್‌ಮಾಸ್ಟ್ರ ಕೋಣೆಯಲ್ಲಿ ಭದ್ರವಾಗಿಡಿ ಎಂಬ ಮಾತು ಬಂತು. ಸಂಜೆ ಐದಕ್ಕೆ ಆ ಕೋಣೆಗೆ ಬೀಗ. ಕೀ ಯಾರ ಹತ್ತಿರ ಎಂದು ಹುಡುಕುವಷ್ಟು ಹೊತ್ತಿಲ್ಲ ಎಂದು ನಾನೇ ಹೇಳಿದೆ, ಮತ್ತೆ ಯಾರೂ ಮಾತಾಡಲಿಲ್ಲ. ಪೆಟ್ಟಿಗೆ ತೆರೆದರೆ ಏನು ಮಾಡಬೇಕೆಂದು ಅದೇ ಹೇಳುತ್ತದೆ, ಹೃದಯದ ಲಯ ತಾನೇ ನೋಡುತ್ತದೆ, ಬೇಡದವರಿಗೆ ಶಾಕ್ ಕೊಡುವುದಿಲ್ಲ. ಹೇಳುವುದು ಇಂಗ್ಲಿಷಿನಲ್ಲಿ. ಅದಕ್ಕೆ ಕನ್ನಡದಲ್ಲೂ ಮಲಯಾಳದಲ್ಲೂ ಬರೆದು, ಚಿತ್ರ ಸಮೇತ ಪಕ್ಕದಲ್ಲೇ ಅಂಟಿಸುತ್ತೇವೆ. ಮಾಸ್ಟ್ರುಗಳಿಗೆ, ಎಂಟರಿಂದ ಮೇಲಿನ ಮಕ್ಕಳಿಗೆ, ಜೀಪು ರಿಕ್ಷಾದವರಿಗೆ, ಅಂಗಡಿಯವರಿಗೆ ವರ್ಷಕ್ಕೊಮ್ಮೆ ಎದೆ ಒತ್ತುವ ತರಬೇತಿ. ಹೇಳಿಕೊಡಲು ಒಬ್ಬರು ಡಾಕ್ಟರ್ ಒಪ್ಪಿದ್ದಾರೆ, ಹಣ ಬೇಡ ಎಂದಿದ್ದಾರೆ.

ಎರಡನೆಯದು ಗುಂಡಿ. ಅವಳ ಗುಂಡಿಯಲ್ಲಿ ಈ ಮಳೆಗಾಲ ಹುಲ್ಲು ಬಂದಿದೆ, ಅಡಿಯ ಸಿಪ್ಪೆ ಕೊಳೆತು ಹೊಯ್ಗೆ ಕೆಳಗೆ ಕೂತಿದೆ. ಅದನ್ನೇ ದೊಡ್ಡದು ಮಾಡಬೇಕು. 8 ಮೀಟರ್ ಉದ್ದ, 2.75 ಮೀಟರ್ ಅಗಲ, ಅರ್ಧ ಮೀಟರ್ ಆಳ. ಲೆಕ್ಕ ಹಾಕಿದರೆ 11 ಘನ ಮೀಟರ್, ನಮ್ಮ ಲೋಡಿನ ಲೆಕ್ಕದಲ್ಲಿ 390 ಘನ ಅಡಿಯ ಹತ್ತಿರ ಹೊಯ್ಗೆ. ಎಂ-ಸ್ಯಾಂಡ್ ಹಾಕಿ, ಕಡಿಮೆಗೆ ಸಿಗುತ್ತದೆ ಎಂದು ಸಲಹೆ ಕೊಟ್ಟವರೇ ಜಾಸ್ತಿ. ಅದು ಕಲ್ಲಿನ ಪುಡಿ, ಚೂಪು, ಮಕ್ಕಳ ಕಾಲಿನ ಸಿಪ್ಪೆ ಕಿತ್ತುಬರುತ್ತದೆ. ತೊಳೆದ ಹೊಳೆ ಹೊಯ್ಗೆಯೇ ಆಗಬೇಕು, ಪರವಾನಗಿ ಇರುವ ಕಡೆಯಿಂದ ಬಿಲ್ಲು ಸಮೇತ. ಓಡುವ ದಾರಿ ಸಮ ಮಾಡಲು, ಮಳೆಗೆ ಮುಚ್ಚುವ ಟಾರ್ಪಾಲಿಗೆ ಎಲ್ಲ ಸೇರಿ 90,000 ಬೇಕು. ದಿಕ್ಕು ಸ್ವಲ್ಪ ತಿರುಗಿಸಿದರೆ 40 ಮೀಟರ್ ಸಿಗುತ್ತದೆ, ಅಳೆದು ನೋಡಿದ್ದೇವೆ. ಇನ್ನು ಮೇಲೆ ಯಾರೂ ಕ್ಲಾಸಿನೊಳಗಿಂದ ಓಡಬೇಕಾಗಿಲ್ಲ.

ಒಟ್ಟು 2,50,000. ಈ ತನಕ 68,500 ಬಂದಿದೆ. ಮೊದಲ 500 ಅವಳ ಕ್ಲಾಸಿನ ಮಕ್ಕಳದ್ದು, ನಾಣ್ಯವೇ ಜಾಸ್ತಿ.

ಇದಕ್ಕಿಂತ ದೊಡ್ಡದು ಮಾಡಬಾರದಾ ಎಂದು ಕೇಳಿದವರಿದ್ದಾರೆ. ಪಕ್ಕದ ಕಣ್ಣೂರು ಜಿಲ್ಲೆಯ ವಾಲಿಬಾಲ್ ಆಟಗಾರ ಜಿಮ್ಮಿ ಜಾರ್ಜ್ 1987ರಲ್ಲಿ ಇಟಲಿಯಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ 32 ವರ್ಷ. ತಿರುವನಂತಪುರದಲ್ಲಿ ಅವರ ಹೆಸರಿನ ಒಳಾಂಗಣ ಸ್ಟೇಡಿಯಂ ಉಂಟು. ಅದು ಸರಕಾರದ ಕೈಯಲ್ಲಿ ಆಗುವ ಕೆಲಸ. ನಮ್ಮ ಕೈಗೆ ಎಟಕುವುದು ಗುಂಡಿ. ದ್ವಾರ ಕಟ್ಟಿಸಿ ಮೇಲೆ ಹೆಸರು ಬರೆಸೋಣ ಎಂದವರಿಗೆ ಅವಳ ಅಪ್ಪ ಉತ್ತರ ಕೊಡಲಿಲ್ಲ, ಹಲಸಿನ ಹಲಗೆಯನ್ನು ಮಾತ್ರ ಮನೆಗೆ ಕೊಂಡುಹೋಗಿ ಎಣ್ಣೆ ಹಚ್ಚಿ ಇಟ್ಟಿದ್ದಾರೆ. ಹೊಸ ಗುಂಡಿಗೂ ಅದೇ ಹಲಗೆ.

ಹಣದ ವಿಷಯ ನೇರವಾಗಿ ಹೇಳುತ್ತೇನೆ. ಖಾತೆಯ ವಿವರ ಶಾಲಾ ಕಚೇರಿಯಲ್ಲಿ ಮತ್ತು ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ಮಾತ್ರ ಸಿಗುತ್ತದೆ. ಅವಳ ಹೆಸರು ಹೇಳಿಕೊಂಡು ಬೇರೆ ಯಾರಾದರೂ ನಂಬರು ಕಳುಹಿಸಿದರೆ ಹಾಕಬೇಡಿ, ನಮಗೆ ತಿಳಿಸಿ. ಹತ್ತು ರೂಪಾಯಿಗೂ ರಶೀದಿ ಉಂಟು. ಆದಾಯ ತೆರಿಗೆಯ 80ಜಿ ವಿನಾಯಿತಿ ನಮಗಿಲ್ಲ. ಗಲ್ಫಿನಲ್ಲಿ ಭಾರತದ ಪಾಸ್‌ಪೋರ್ಟಿನಲ್ಲಿರುವವರು ನಿಮ್ಮ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಬಹುದು. ಬೇರೆ ದೇಶದ ಪೌರತ್ವ ಪಡೆದವರ ಹಣ ತೆಗೆದುಕೊಳ್ಳಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ನಮ್ಮಲ್ಲಿಲ್ಲ, ದಯವಿಟ್ಟು ಬೇಸರ ಮಾಡಬೇಡಿ. ಲೆಕ್ಕವನ್ನು ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಾಕುತ್ತೇವೆ. ಮಿಕ್ಕಿದರೆ ಕ್ರೀಡಾಕೂಟಕ್ಕೆ ಹೋಗುವ ಮಕ್ಕಳ ಬಸ್ಸು ಖರ್ಚಿಗೆ, ಊಟಕ್ಕೆ. ಜಿಲ್ಲಾ ಕೂಟಕ್ಕೆ ಹೋದ ದಿನ ಅವಳು ಎರಡು ಬಸ್ಸು ಬದಲಿಸಿ, ಬುತ್ತಿ ಕಟ್ಟಿಕೊಂಡು ಹೋಗಿ ಹಾರಿದವಳು.

ದುಡ್ಡು ಕೊಡಲಾಗದವರು ಕೆಲಸಕ್ಕೆ ಬನ್ನಿ. ಗುಂಡಿ ತೋಡುವುದು ದೀಪಾವಳಿ ಕಳೆದ ಮೊದಲ ಭಾನುವಾರ, ಬೆಳಿಗ್ಗೆ ಎಂಟಕ್ಕೆ. ಹಾರೆ, ಪಿಕ್ಕಾಸು, ಬುಟ್ಟಿ ಇದ್ದವರು ತನ್ನಿ. ತೆಂಕು ಬದಿಯಲ್ಲಿ ಮುರಕಲ್ಲು ಗಟ್ಟಿ ಉಂಟು, ಗಟ್ಟಿ ಕೈಯವರು ಆ ಕಡೆ ನಿಲ್ಲಿ. ಹತ್ತು ಗಂಟೆಗೆ ಚಾ ನನ್ನ ಅಂಗಡಿಯದ್ದು, ಮಧ್ಯಾಹ್ನ ಶಾಲೆಯಲ್ಲಿ ಗಂಜಿ, ಹುರುಳಿ ಚಟ್ನಿ.