ಬಿಸಿಲಿನ ಸುದ್ದಿ ಜೊತೆ ಸಂಡಿಗೆ ಸುದ್ದಿಯೂ ಇರಲಿ

ಸಂಪಾದಕರಿಗೆ ನಮಸ್ಕಾರ.

ಮದುವೆಯಾಗಿ ಮೈಸೂರಿಗೆ ಬಂದಾಗಿನಿಂದ ನಿಮ್ಮ ಪತ್ರಿಕೆ ಓದುತ್ತಿದ್ದೇನೆ, 34 ವರ್ಷವಾಯಿತು. ವಾಚಕರ ಪತ್ರಕ್ಕೆ ಇದುವರೆಗೆ ಬರೆದಿರುವುದು ಮೂರೇ ಸಲ, ಮೂರೂ ದೂರು. ಒಂದು ಬೀದಿ ದೀಪದ್ದು, ಒಂದು ಚರಂಡಿಯದು, ಮೂರನೆಯದು ನಾಯಿ ಕಾಟ. ದೀಪ ಬಂತು. ಚರಂಡಿ, ನಾಯಿ ಎರಡೂ ಹಾಗೇ ಇವೆ. ಇದು ನಾಲ್ಕನೆಯದು, ಈ ಸಲ ದೂರು ನಿಮ್ಮ ಮೇಲೆ.

ಹದಿನೈದು ದಿನದಿಂದ ಮುಖಪುಟದಲ್ಲಿ ಒಂದೇ ರಾಗ. ಬಿಸಿಲ ಝಳಕ್ಕೆ ಜನ ತತ್ತರ. ಕಾದ ಕಾವಲಿಯಾದ ನಗರ. ಜೊತೆಗೆ ಒಂದು ಫೋಟೊ, ವೇಲಿನಲ್ಲಿ ಮುಖ ಪೂರ್ತಿ ಸುತ್ತಿಕೊಂಡು ಸ್ಕೂಟರಿನಲ್ಲಿ ಹೋಗುವ ಇಬ್ಬರು ಹುಡುಗಿಯರು. ಪ್ರತಿ ವರ್ಷವೂ ಅದೇ ಇಬ್ಬರೇನೋ ಅಂತ ನನಗೆ ಗುಮಾನಿ.

ಸೆಖೆ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಮ್ಮ ಬೀದಿಗೂ ದಿನ ಬಿಟ್ಟು ದಿನ ನೀರು, ರಾತ್ರಿ ಫ್ಯಾನ್ ಬಿಸಿಗಾಳಿಯನ್ನೇ ಸುತ್ತಿಸುತ್ತದೆ. ಮೊನ್ನೆ ಪಕ್ಕದ ರಸ್ತೆಗೆ ಟಾರು ಹಾಕುತ್ತಿದ್ದವರು ಮಧ್ಯಾಹ್ನ ಎರಡು ಗಂಟೆಗೆ ಗೇಟಿನ ಹತ್ತಿರ ಬಂದು ನೀರು ಕೇಳಿದರು, ಅವರ ಕಾಲು ನೋಡಿದ ಮೇಲೆ ನನ್ನ ಸೆಖೆಯ ಬಗ್ಗೆ ಮಾತಾಡಲು ನಾಚಿಕೆಯಾಯಿತು. ಅಂಥವರ ಸುದ್ದಿ ಇನ್ನೂ ಜಾಸ್ತಿ ಬರೆಯಿರಿ. ಆದರೆ ಬೇಸಿಗೆ ಅಂದರೆ ಬರೀ ತತ್ತರಿಸುವುದು ಅಂತ ಊರಿಗೆ ಊರೇ ನಂಬಿಬಿಟ್ಟರೆ ಹೇಗೆ?

ಪತ್ರಿಕೆಯಲ್ಲಿ ದಿನಾ ಚಿನ್ನದ ಬೆಲೆ ಹಾಕುತ್ತೀರಿ. ಕೆಆರ್‌ಎಸ್ ನೀರಿನ ಮಟ್ಟ ಹಾಕುತ್ತೀರಿ, ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು ಅಂತ. ಅದನ್ನು ಮಂಡ್ಯದ ನಮ್ಮಣ್ಣ ಬೆಳಿಗ್ಗೆ ಕಾಫಿಗೂ ಮುಂಚೆ ನೋಡುತ್ತಾನೆ, ಅವನ ಕಬ್ಬು ನಾಲೆ ನೀರನ್ನೇ ನಂಬಿಕೊಂಡಿದೆ. ಸರಿ, ಬೇಕು. ಅದರ ಕೆಳಗೇ ನಾಲ್ಕು ಸಾಲು ಜಾಗ ಬಿಟ್ಟುಕೊಡಿ ಅಂತ ನನ್ನ ಕೋರಿಕೆ. ದೇವರಾಜ ಮಾರುಕಟ್ಟೆಯಲ್ಲಿ ಇವತ್ತು ಮಲ್ಲಿಗೆ ಮಾರಿಗೆ ಎಷ್ಟು? ರಸಪುರಿ ಬಂತಾ, ಬಂದಿದ್ದರೆ ಸಿಹಿಯಾ ಹುಳಿಯಾ? ಯಾವ ಬೀದಿಯಲ್ಲಿ ಗುಲ್‌ಮೊಹರ್ ಬಿಟ್ಟಿದೆ? ಇಷ್ಟೇ. ಸುದ್ದಿ ಸಿಗುವುದಿಲ್ಲ ಅನ್ನಬೇಡಿ, ನಮ್ಮ ಒಂದು ವಾರ ಹೇಗಿತ್ತು ಅಂತ ಹೇಳುತ್ತೇನೆ, ಕೇಳಿ.

ಸೋಮವಾರ ಸಬ್ಬಕ್ಕಿ ಸಂಡಿಗೆ ಹಾಕಿದೆ. ಹಿಂದಿನ ರಾತ್ರಿ ನೆನೆಸಿದ್ದ ಸಬ್ಬಕ್ಕಿಯನ್ನು ಬೆಳಿಗ್ಗೆ ಐದೂವರೆಗೇ ಒಲೆ ಮೇಲಿಟ್ಟು, ಕಾಳು ಗಾಜಿನ ಹಾಗೆ ಆಗುವ ತನಕ ತಿರುವಿ, ಹಸಿಮೆಣಸಿನಕಾಯಿ, ಜೀರಿಗೆ, ಇಂಗು, ಉಪ್ಪು, ಕೊನೆಗೆ ನಿಂಬೆಹಣ್ಣಿನ ರಸ. ಉಪ್ಪು ಸ್ವಲ್ಪ ಕಮ್ಮಿಯೇ ಇರಬೇಕು, ಒಣಗಿದ ಮೇಲೆ ಜೋರಾಗುತ್ತದೆ. ತಾರಸಿ ಮೇಲೆ ನಮ್ಮನೆಯವರ ಹಳೇ ಪಂಚೆ ಒದ್ದೆ ಮಾಡಿ ಹಾಸಿ, ಬಿಸಿಲು ಏರುವ ಮುಂಚೆ ಸೌಟಿನ ತುದಿಯಲ್ಲಿ ಒಂದೊಂದೇ ಬೊಟ್ಟು. ಕಪ್ಪು ಕೊಡೆ ಬಿಚ್ಚಿಟ್ಟರೆ ಕಾಗೆ ಹತ್ತಿರ ಬರಲ್ಲ ಅಂತ ನಮ್ಮತ್ತೆ ಹೇಳುತ್ತಿದ್ದರು. ಇಟ್ಟೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಕಾಗೆ ಕೊಡೆ ಮೇಲೇ ಕೂತು ಕೆಳಗೆ ನೋಡುತ್ತಿತ್ತು.

ನಿಜವಾದ ಕಾಟ ಕಾಗೆಯದಲ್ಲ, ರಜೆಗೆ ಬಂದಿರುವ ಮೊಮ್ಮಕ್ಕಳದ್ದು. ಮಧ್ಯಾಹ್ನ ಮೂರರ ಹೊತ್ತಿಗೆ ಸಂಡಿಗೆ ಮೇಲೆ ತೆಳ್ಳಗೆ ಪೊರೆ ಕಟ್ಟಿರುತ್ತದೆ, ಒಳಗೆ ಇನ್ನೂ ಮೆತ್ತಗೆ, ಬೆರಳಿಗೆ ಅಂಟುತ್ತದೆ, ಬಾಯಿಗೆ ಹಾಕಿಕೊಂಡರೆ ಹಲ್ಲಿಗೂ ಅಂಟುತ್ತದೆ. ಆ ಅರೆಬರೆ ಒಣಗಿದ ಸಂಡಿಗೆಗೆ ಕರಿದ ಸಂಡಿಗೆ ಸಮ ಇಲ್ಲ ಬಿಡಿ. ಬೆಳಿಗ್ಗೆ ಸಾಲಿಗೆ ಹದಿನಾಲ್ಕರಂತೆ ಹಾಕಿದ್ದೆ, ಸಂಜೆ ಎಣಿಸಿದರೆ ಎರಡು ಸಾಲಿನಲ್ಲಿ ಒಂಬತ್ತು. ಮಕ್ಕಳನ್ನು ಬೈದೆ. ಅದರಲ್ಲಿ ನಾಲ್ಕು ನಾನೇ ತಿಂದಿದ್ದೆ, ಅದನ್ನು ಅವರಿಗೆ ಹೇಳಿಲ್ಲ.

ತಾರಸಿಯ ಮೇಲೆ ಇನ್ನೊಂದು ತಮಾಷೆಯೂ ಆಯಿತು. ಏಪ್ರಿಲ್ 20 ದಾಟಿದ ಮೇಲೆ ಒಂದೆರಡು ದಿನ ನಮ್ಮೂರಿನಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರುತ್ತಾನೆ, ಆಗ ನೆಟ್ಟಗೆ ನಿಲ್ಲಿಸಿದ ವಸ್ತುವಿನ ನೆರಳು ಪಕ್ಕಕ್ಕೆ ಬೀಳುವುದೇ ಇಲ್ಲ. ಶೂನ್ಯ ನೆರಳಿನ ದಿನ ಅಂತ ಕರೆಯುತ್ತಾರೆ. ಹನ್ನೆರಡಕ್ಕಲ್ಲ, ನಮಗೆ ಸುಮಾರು 12.20ರ ಆಸುಪಾಸು. ದೊಡ್ಡ ಮೊಮ್ಮಗ ಸ್ಟೀಲ್ ಲೋಟ ಬೇಡ ಅಂತ, ನೆಟ್ಟಗಿನ ಮಸಾಲೆ ಡಬ್ಬ ಒಂದನ್ನು ಆರಿಸಿ ತಂದು ನಿಲ್ಲಿಸಿದ. ಲೋಟದ ಬಾಯಿ ಅಗಲ ಅಲ್ವಾ, ಬುಡದ ಸುತ್ತ ಅದರದ್ದೇ ನೆರಳು ಬೀಳುತ್ತದಂತೆ, ಅದಕ್ಕೆ. ಬರಿಗಾಲಲ್ಲಿ ಕುಣಿಯುತ್ತಾ ನಾವು ನಾಲ್ಕು ಜನ ಆ ಡಬ್ಬವನ್ನೇ ನೋಡುತ್ತಾ ನಿಂತೆವು. ನೆರಳು ಬೆರಳಗಲ ಆಯಿತು, ದಾರದಷ್ಟಾಯಿತು, ಆಮೇಲೆ ಡಬ್ಬ ಒಂದೇ ಉಳಿಯಿತು. ವರ್ಷಕ್ಕೆ ಎರಡು ಸಲ ಹೀಗಾಗುತ್ತದೆ, ಇನ್ನೊಂದು ಸಲ ಆಗಸ್ಟ್‌ನಲ್ಲಿ, ಆಗ ಮೋಡ ಅಡ್ಡ ಬಂದುಬಿಡುವುದೇ ಜಾಸ್ತಿ. ಇಂಥದ್ದನ್ನು ಹಿಂದಿನ ದಿನವೇ ಪತ್ರಿಕೆಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಬಾರದಾ ಅಂತ ಕೇಳುತ್ತಿದ್ದೇನೆ.

ಮಂಗಳವಾರ, ಬುಧವಾರ ವಿಶೇಷ ಏನಿಲ್ಲ. ತಾಟಿನುಂಗು ಗಾಡಿ ಬಂದಿತ್ತು. ಒಂದು ಕಾಯಿಗೆ ಮೂರು ಕಣ್ಣು, ಆ ಮನುಷ್ಯ ಮಚ್ಚಿನ ಏಟಿಗೆ ಮೇಲಿನದನ್ನು ಹಾರಿಸಿ ಹೆಬ್ಬೆರಳಲ್ಲಿ ನುಂಗನ್ನು ಹೊರಗೆ ಜಾರಿಸುವ ವೇಗ ನೋಡಲಿಕ್ಕೇ ನಾನು ಒಂದು ಡಜನ್ ತಗೊಂಡೆ. ಸಿಪ್ಪೆ ಸುಲಿದು ಕಚ್ಚಿದರೆ ಒಳಗಿನ ನೀರು ಮೊಣಕೈ ತನಕ.

ಗುರುವಾರ ಮದ್ದೂರಿನಲ್ಲಿ ಮದುವೆ. ಹಂಡೆಗಟ್ಟಲೆ ಪಾಯಸ, ಸೆಖೆ, ವಾಲಗ, ಎಲ್ಲ ಮಾಮೂಲು. ವಾಪಸ್ ಬರುವಾಗ ಅಳಿಯಂದಿರು ಕಾರನ್ನು ಕೊಕ್ಕರೆ ಬೆಳ್ಳೂರಿಗೆ ತಿರುಗಿಸಿದರು. ಇಷ್ಟು ವರ್ಷ ಹತ್ತಿರದಲ್ಲೇ ಓಡಾಡಿದ್ದರೂ ನಾನು ನೋಡಿರಲಿಲ್ಲ. ಅಲ್ಲಿ ಹಕ್ಕಿ ನೋಡಲು ಟಿಕೆಟ್ಟು, ದೋಣಿ ಏನೂ ಬೇಡ, ಮನೆ ಹಿತ್ತಲಿನ ಹುಣಸೆಮರದಲ್ಲೇ ಹೆಜ್ಜಾರ್ಲೆ (ಪೆಲಿಕನ್) ಸಂಸಾರ, ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆ. ಕೆಳಗೆ ಎಮ್ಮೆ ಕಟ್ಟಿದ್ದಾರೆ, ಹೆಂಗಸರು ಪಾತ್ರೆ ತೊಳೆಯುತ್ತಿದ್ದಾರೆ, ಮೇಲಿನಿಂದ ಪಿಚಕ್ ಅಂತ ಬೀಳುತ್ತಲೇ ಇದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆ ಹಿಕ್ಕೆಯನ್ನೇ ಗದ್ದೆಗೆ ಗೊಬ್ಬರ ಮಾಡುತ್ತಾರೆ. ಒಬ್ಬ ಅಜ್ಜಿ ಹೇಳಿದರು, ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಕಣಮ್ಮ ಇವು, ಗಲೀಜು ಮಾಡ್ತವೆ ಅಂತ ಓಡ್ಸಕ್ಕಾಯ್ತದಾ ಅಂತ. ಮರಿಗಳು ಆಗಲೇ ದೊಡ್ಡವಾಗಿದ್ದವು. ತಾಯಿ ಬಾಯಿ ತೆರೆದ ಕೂಡಲೇ ಮರಿ ಕುತ್ತಿಗೆಯ ತನಕ ತಲೆಯನ್ನು ಅದರ ಗಂಟಲೊಳಗೆ ತೂರಿಸಿ ಮೀನು ತೆಗೆಯುವುದನ್ನು ನೋಡಿ ನಮ್ಮ ಚಿಕ್ಕ ಮೊಮ್ಮಗಳು, ಅಮ್ಮನ್ನೇ ತಿಂತಾ ಇದೆ ಅಂತ ಅಳುವುದಕ್ಕೇ ಶುರು ಮಾಡಿದಳು. ಮಳೆಗಾಲ ಹಿಡಿಯುವಷ್ಟರಲ್ಲಿ ಹಕ್ಕಿಗಳೆಲ್ಲ ಹೊರಟುಬಿಡುತ್ತವೆ, ನೋಡಬೇಕೆನ್ನುವವರು ಈ ಬಿಸಿಲಲ್ಲೇ ಹೋಗಬೇಕು.

ಶುಕ್ರವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಏರಿ. ಆರು ಗಂಟೆಗೆ ಅಲ್ಲಿ ಬೇಸಿಗೆ ಅನ್ನುವುದೇ ಗೊತ್ತಾಗುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ ಕೆರೆ, ಅವರಿಗೆ ಒಂದು ನಮಸ್ಕಾರ ಹಾಕಿಯೇ ನಾನು ನಡೆಯಲು ಶುರು ಮಾಡುವುದು. ವಾಪಸ್ ಬರುವಾಗ ನಮ್ಮ ರಸ್ತೆಯ ಹೊಂಗೆ ಮರದ ಕೆಳಗೆ ಹೂವು ಹೇಗೆ ಉದುರಿತ್ತು ಅಂದರೆ ಯಾರೋ ಚೀಲ ಹರಿದು ಕಡ್ಲೆಪುರಿ ಚೆಲ್ಲಿದ ಹಾಗೆ. ಅದನ್ನು ಗುಡಿಸಬೇಡಿ ಅಂತ ಪೌರಕಾರ್ಮಿಕ ಹೆಣ್ಣುಮಗಳನ್ನು ಕೇಳಿದೆ. ನೀವು ಹೇಳ್ತೀರ ಮೇಡಂ, ಮೇಸ್ತ್ರಿ ನನ್ನ ಬೈತಾರೆ ಅಂದಳು. ಅದೂ ನಿಜ. ಇಬ್ಬರೂ ಆ ನೆರಳಲ್ಲಿ ಮಜ್ಜಿಗೆ ಕುಡಿದೆವು, ಆಮೇಲೆ ಅವಳು ಗುಡಿಸಿದಳು.

ಶನಿವಾರ ರಾತ್ರಿ ಕರೆಂಟ್ ಹೋಯಿತು. ಬೀದಿಯವರೆಲ್ಲ ಬೀಸಣಿಗೆ ಹಿಡಿದು ಗೇಟಿಗೆ ಬಂದರು. ಆರು ತಿಂಗಳಿಂದ ಮಾತು ಬಿಟ್ಟಿದ್ದ ಎರಡು ಮನೆಯವರು, ಪಾರ್ಕಿಂಗ್ ಜಗಳ, ನಿಮಗೂ ಹೋಯ್ತಾ ಅಂತ ಕೇಳಿಕೊಂಡರು. ಕರೆಂಟ್ ಬಂದ ಕೂಡಲೇ ಮತ್ತೆ ಒಳಗೆ ಹೋದರು, ರಾಜಿ ಆಯಿತಾ ಇಲ್ಲವಾ ಗೊತ್ತಿಲ್ಲ.

ಈಗ ಭಾನುವಾರ ಸಂಜೆ. ಮನೆಯವರೆಲ್ಲ ಅರಮನೆ ದೀಪ ನೋಡಲು ಹೋಗಿದ್ದಾರೆ. ಏಳು ಗಂಟೆಗೆ ಸುಮಾರು ಒಂದು ಲಕ್ಷ ಬಲ್ಬು ಒಟ್ಟಿಗೆ ಹತ್ತಿದಾಗ ಜನ ಹೋ ಅನ್ನುತ್ತಾರಲ್ಲ, ಆ ಹೋ ಕೇಳಲಿಕ್ಕೆ ನಾನೂ ಹೋಗುತ್ತಿದ್ದೆ, ಈ ಪತ್ರ ಮುಗಿಸಬೇಕಿತ್ತು ಅಂತ ಉಳಿದೆ. ಭರಣಿ ಮಳೆ ಧರಣಿ ಬೆಳೆ ಅಂತಾರೆ, ಅಣ್ಣ ಫೋನ್ ಮಾಡಿದಾಗಲೆಲ್ಲ ಮಳೆ ಬಂತಾ ಅಂತಾನೆ. ಬರಲಿ, ಖಂಡಿತ ಬರಲಿ. ಮಂಗಳವಾರದ ತನಕ ತಡೆದರೆ ನನಗೆ ಅನುಕೂಲ.

ನಾಲ್ಕು ಸಾಲಿಗೆ ಮಾದರಿ ಬೇಕಾದರೆ ಇಲ್ಲಿದೆ, ಸಂಬಳ ಕೊಡುವುದು ಬೇಡ:

ಸರಸ್ವತಿಪುರಂ, ಭಾನುವಾರ: ಮೂಲೆ ಮನೆಯ ಗುಲ್‌ಮೊಹರ್ ಅರ್ಧ ಬಿಟ್ಟಿದೆ. ಕೋಗಿಲೆ ಬೆಳಿಗ್ಗೆ ನಾಲ್ಕೂವರೆಗೇ ಶುರು, ನಿದ್ದೆಗೆ ತೊಂದರೆ. ಗಾಡಿಯ ರಸಪುರಿ ವಾಸನೆ ಚೆನ್ನಾಗಿದೆ, ಹಣ್ಣು ಹುಳಿ, ಇನ್ನೊಂದು ವಾರ ಕಾಯುವುದು ಒಳ್ಳೆಯದು. ಸಬ್ಬಕ್ಕಿ ಸಂಡಿಗೆಗೆ ಇನ್ನೊಂದು ಬಿಸಿಲು ಬೇಕು.

ಇಂತಿ,
ನಿಮ್ಮ ಹಳೇ ಓದುಗಾರ್ತಿ, ಸರಸ್ವತಿಪುರಂ, ಮೈಸೂರು